63ರವರ ಮೇಲಿನ ಪ್ರಯೋಗ, 50ರವರ ಮೇಲಿನ ತೀರ್ಪು: ಡಬ್ಲ್ಯುಎಚ್‌ಐ ಹಾರ್ಮೋನ್ ಪ್ರಕರಣ

ಮುಟ್ಟು ನಿಂತ ಮಹಿಳೆಯರಿಗೆ ಕೊಡುವ ಹಾರ್ಮೋನ್ ಮಾತ್ರೆಯ ಮೇಲೆ ಅಮೆರಿಕದಲ್ಲಿ ನಡೆಯುತ್ತಿದ್ದ ಬಹುದೊಡ್ಡ ಪ್ರಯೋಗವೊಂದನ್ನು ಅರ್ಧಕ್ಕೇ ನಿಲ್ಲಿಸಿದ ಸುದ್ದಿ 2002ರ ಜುಲೈ 9ರಂದು ಹೊರಬಿತ್ತು. ಎಂಟೂವರೆ ವರ್ಷ ನಡೆಯಬೇಕಿದ್ದದ್ದು ಸರಾಸರಿ 5.2 ವರ್ಷಕ್ಕೆ ಮುಗಿಯಿತು. ಪ್ರಯೋಗದಲ್ಲಿದ್ದ 16,608 ಮಹಿಳೆಯರಿಗೆ ಪತ್ರ ಹೋಯಿತು: ಕೊಟ್ಟಿರುವ ಮಾತ್ರೆ ನುಂಗುವುದನ್ನು ನಿಲ್ಲಿಸಿ. ಟಿವಿಯಲ್ಲಿ, ಪತ್ರಿಕೆಗಳಲ್ಲಿ ಬಂದದ್ದು ಹೆಚ್ಚುಕಡಿಮೆ ಒಂದೇ ಮಾತು. ಹಾರ್ಮೋನ್ ತೆಗೆದುಕೊಂಡವರಲ್ಲಿ ಸ್ತನ ಕ್ಯಾನ್ಸರ್ ಶೇ 26ರಷ್ಟು ಹೆಚ್ಚು, ಹೃದಯದ ತೊಂದರೆ ಶೇ 29ರಷ್ಟು ಹೆಚ್ಚು, ಪಾರ್ಶ್ವವಾಯು ಶೇ 41ರಷ್ಟು ಹೆಚ್ಚು. ಹಿಂದಿನ ದಿನದವರೆಗೂ ಹೃದಯಕ್ಕೆ ಒಳ್ಳೆಯದು ಎಂದು ವೈದ್ಯರೇ ಬರೆದುಕೊಡುತ್ತಿದ್ದ ಮಾತ್ರೆ ಅದು.

ಪ್ರಯೋಗದ ಹೆಸರು ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್, ಚಿಕ್ಕದಾಗಿ ಡಬ್ಲ್ಯುಎಚ್‌ಐ. ವೈದ್ಯಕೀಯ ಸಂಶೋಧನೆಯ ಇತ್ತೀಚಿನ ಇತಿಹಾಸದಲ್ಲಿ ಇಷ್ಟು ಹೊಗಳಿಸಿಕೊಂಡ, ಇಷ್ಟೇ ಬೈಸಿಕೊಂಡ ಪ್ರಯೋಗ ಇನ್ನೊಂದು ಸಿಗುವುದು ಕಷ್ಟ. ಬೈಯುವವರ ಗುಂಪಿಗೆ ನಾನು ಸೇರುವುದಿಲ್ಲ. ತನಗೆ ಒಪ್ಪಿಸಿದ ಪ್ರಶ್ನೆಗೆ ಅದು ಸರಿಯಾದ ಉತ್ತರವನ್ನೇ ಕೊಟ್ಟಿತು. ಆ ಉತ್ತರವನ್ನು ಬೇರೆಯೇ ಪ್ರಶ್ನೆ ಇಟ್ಟುಕೊಂಡು ಬಂದವರ ಕೈಗೆ ಕೊಟ್ಟು ಕಳಿಸಿದ್ದರಿಂದ ಮುಂದಿನ ಇಪ್ಪತ್ತು ವರ್ಷದ ಗೊಂದಲ ಹುಟ್ಟಿತು. ಇದೆಲ್ಲ ಎಲ್ಲಿ ಶುರುವಾಯಿತು, ಎಲ್ಲಿ ದಾರಿ ತಪ್ಪಿತು ಎಂದು ಒಂದೊಂದಾಗಿ ನೋಡೋಣ.

ಎಲ್ಲರೂ ನಂಬಿದ್ದು ಯಾಕೆ

ಗಬ್ಬವಾದ ಕುದುರೆಗಳ ಮೂತ್ರದಿಂದ ತೆಗೆದ ಈಸ್ಟ್ರೋಜೆನ್‌ಗಳ ಮಿಶ್ರಣ, ಪ್ರೆಮರಿನ್ ಎಂಬ ಮಾತ್ರೆ, 1942ರಿಂದಲೂ ಅಮೆರಿಕದ ಔಷಧಿ ಅಂಗಡಿಗಳಲ್ಲಿತ್ತು. ಮುಟ್ಟು ನಿಲ್ಲುವ ಹೊತ್ತಿಗೆ ಇದ್ದಕ್ಕಿದ್ದಂತೆ ಮೈ ಬಿಸಿಯೇರುವುದು, ರಾತ್ರಿ ಬೆವೆತು ಎಚ್ಚರವಾಗುವುದು, ನಿದ್ದೆಗೆಡುವುದು, ಯೋನಿ ಒಣಗುವುದು, ಇವಕ್ಕೆಲ್ಲ ಅದರಷ್ಟು ಚೆನ್ನಾಗಿ ಕೆಲಸ ಮಾಡುವ ಔಷಧ ಆಗಲೂ ಇರಲಿಲ್ಲ, ಈಗಲೂ ಹೆಚ್ಚಿಲ್ಲ. 1960ರ ದಶಕದ ಹೊತ್ತಿಗೆ ಅದನ್ನು ಯೌವನ ಉಳಿಸುವ ಮಾತ್ರೆ ಎಂಬಂತೆ ಮಾರುವುದೂ ಶುರುವಾಯಿತು.

1975ರಲ್ಲಿ ಮೊದಲ ಪೆಟ್ಟು ಬಿತ್ತು. ಈಸ್ಟ್ರೋಜೆನ್ ಒಂದನ್ನೇ ತೆಗೆದುಕೊಳ್ಳುವವರಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರ್ ಹಲವು ಪಟ್ಟು ಹೆಚ್ಚು ಎಂದು ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಒಟ್ಟಿಗೇ ಎರಡು ವರದಿಗಳು ಬಂದವು. ಪರಿಹಾರವೂ ಬೇಗ ಸಿಕ್ಕಿತು. ಪ್ರೊಜೆಸ್ಟಿನ್ ಎಂಬ ಇನ್ನೊಂದು ಹಾರ್ಮೋನ್ ಜೊತೆಗೆ ಕೊಟ್ಟರೆ ಒಳಪದರ ಅತಿಯಾಗಿ ಬೆಳೆಯುವುದಿಲ್ಲ. ಆಪರೇಷನ್ ಮಾಡಿಸಿ ಗರ್ಭಕೋಶ ತೆಗೆಸಿದವರಿಗೆ ಆ ಭಯವೇ ಇಲ್ಲ, ಅವರಿಗೆ ಈಸ್ಟ್ರೋಜೆನ್ ಒಂದೇ ಸಾಕು. ಗರ್ಭಕೋಶ ಇದೆಯೋ ಇಲ್ಲವೋ ಎಂಬ ಪ್ರಶ್ನೆ ಅಂದಿನಿಂದ ಈ ಚಿಕಿತ್ಸೆಯನ್ನು ಎರಡು ದಾರಿಯಾಗಿ ಒಡೆಯಿತು. ಇದನ್ನು ನೆನಪಿನಲ್ಲಿಡಿ, ಮುಂದೆ ಇಡೀ ಪ್ರಕರಣ ಇದರ ಮೇಲೇ ತಿರುಗುತ್ತದೆ.

ಅಷ್ಟರಲ್ಲಿ ಹೃದಯದ ಮಾತು ಬಂತು. ಹಾರ್ವರ್ಡ್‌ನವರು 1976ರಲ್ಲಿ 1,21,700 ನರ್ಸ್‌ಗಳನ್ನು ಸೇರಿಸಿಕೊಂಡು ‘ನರ್ಸಸ್ ಹೆಲ್ತ್ ಸ್ಟಡಿ’ ಆರಂಭಿಸಿದ್ದರು. ಎರಡು ವರ್ಷಕ್ಕೊಮ್ಮೆ ಪ್ರಶ್ನಾವಳಿ ಕಳಿಸುವುದು, ಯಾರು ಏನು ತಿನ್ನುತ್ತಾರೆ, ಯಾವ ಮಾತ್ರೆ ನುಂಗುತ್ತಾರೆ, ಯಾರಿಗೆ ಯಾವ ಕಾಯಿಲೆ ಬಂತು ಎಂದು ಬರೆದಿಡುವುದು. ಹಾರ್ಮೋನ್ ತೆಗೆದುಕೊಳ್ಳುತ್ತಿದ್ದ ನರ್ಸ್‌ಗಳಲ್ಲಿ ಹೃದಯದ ಕಾಯಿಲೆ ಸುಮಾರು ಶೇ 40ರಷ್ಟು ಕಡಿಮೆ ಕಂಡಿತು. ಬೇರೆ ಅಧ್ಯಯನಗಳೂ ಅದನ್ನೇ ಹೇಳಿದವು. ಈಸ್ಟ್ರೋಜೆನ್ ಕೆಟ್ಟ ಕೊಲೆಸ್ಟ್ರಾಲ್ ಇಳಿಸುತ್ತದೆ, ಒಳ್ಳೆಯದನ್ನು ಏರಿಸುತ್ತದೆ ಎಂಬುದೂ ಗೊತ್ತಿತ್ತು. ಮುಟ್ಟು ನಿಲ್ಲುವವರೆಗೆ ಹೆಂಗಸರಿಗೆ ಹೃದಯಾಘಾತ ಗಂಡಸರಿಗಿಂತ ಕಡಿಮೆ ಎಂಬುದನ್ನು ಎಲ್ಲ ವೈದ್ಯರೂ ಕಣ್ಣಾರೆ ಕಂಡಿದ್ದರು. ಎಲ್ಲ ಒಂದಕ್ಕೊಂದು ಹೊಂದಿಕೊಂಡವು. 1992ರಲ್ಲಿ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್, ಮುಟ್ಟು ನಿಂತ ಎಲ್ಲ ಮಹಿಳೆಯರೂ ರೋಗ ತಡೆಗಾಗಿ ಹಾರ್ಮೋನ್ ತೆಗೆದುಕೊಳ್ಳುವ ಬಗ್ಗೆ ಯೋಚಿಸಬೇಕು ಎಂದು ಮಾರ್ಗಸೂಚಿ ಹೊರಡಿಸಿತು. ಮೈಬಿಸಿಯ ತೊಂದರೆ ಇಲ್ಲದವರಿಗೂ ಮಾತ್ರೆ ಹೋಗತೊಡಗಿತು. 70 ದಾಟಿದವರಿಗೂ ಹೋಯಿತು.

ಮಾತ್ರೆಯ ಗುಣವೋ, ನುಂಗುವವರ ಗುಣವೋ

ಬೆಳಿಗ್ಗೆ ಲಾಲ್‌ಬಾಗಿನಲ್ಲಿ ಕೈ ಬೀಸಿಕೊಂಡು ನಡೆಯುವವರನ್ನು ನೋಡಿ, ಇವರ ಹೃದಯ ಗಟ್ಟಿಯಾಗಿರುವುದು ಕಾಲಿಗೆ ಹಾಕಿಕೊಂಡ ಶೂನಿಂದ ಎಂದು ಯಾರಾದರೂ ಹೇಳಿದರೆ ನಗುತ್ತೇವೆ. ಹಾರ್ಮೋನ್ ವಿಷಯದಲ್ಲಿ ಎರಡು ದಶಕ ಆದದ್ದು ಹೆಚ್ಚುಕಡಿಮೆ ಅದೇ. ಅಮೆರಿಕದಲ್ಲಿ ಆಗ ಹಾರ್ಮೋನ್ ಬರೆಸಿಕೊಳ್ಳುತ್ತಿದ್ದವರು ಓದಿದವರು, ಕೈಯಲ್ಲಿ ಕಾಸಿದ್ದವರು, ತೂಕ ಹದದಲ್ಲಿಟ್ಟುಕೊಂಡವರು, ವರ್ಷಕ್ಕೊಮ್ಮೆ ತಪ್ಪದೆ ತಪಾಸಣೆಗೆ ಹೋಗುವವರು. ಅವರಿಗೆ ಹೃದಯಾಘಾತ ಕಡಿಮೆ ಆಗಲು ಮಾತ್ರೆಯೇ ಬೇಕಿರಲಿಲ್ಲ.

ಇದು ಬರೀ ಊಹೆ ಆಗಿರಲಿಲ್ಲ. ಪಿಟ್ಸ್‌ಬರ್ಗ್‌ನ ಕ್ಯಾರೆನ್ ಮ್ಯಾಥ್ಯೂಸ್ ಮತ್ತು ಅವರ ಸಂಗಡಿಗರು ಇನ್ನೂ ಮುಟ್ಟು ನಿಲ್ಲದ 541 ಮಹಿಳೆಯರನ್ನು ಪರೀಕ್ಷಿಸಿ, ವರ್ಷಗಳ ಕಾಲ ಹಿಂಬಾಲಿಸಿದ್ದರು. ಮುಂದೆ ಯಾರು ಹಾರ್ಮೋನ್ ಶುರುಮಾಡಿದರೋ ಅವರ ಒಳ್ಳೆಯ ಕೊಲೆಸ್ಟ್ರಾಲ್, ರಕ್ತದೊತ್ತಡ, ತೂಕ, ವ್ಯಾಯಾಮದ ಅಭ್ಯಾಸ ಎಲ್ಲವೂ ಮೊದಲ ಮಾತ್ರೆ ನುಂಗುವುದಕ್ಕೆ ಎಷ್ಟೋ ಮೊದಲೇ ಚೆನ್ನಾಗಿದ್ದವು. 1996ರಲ್ಲಿ ಪ್ರಕಟವಾದ ಈ ಪುಟ್ಟ ವರದಿ ಆ ಕಾಲದಲ್ಲಿ ಪಡೆಯಬೇಕಿದ್ದ ಗಮನ ಪಡೆಯಲಿಲ್ಲ.

ಇನ್ನೂ ವಿಚಿತ್ರವಾದ ಪುರಾವೆ ಅದಕ್ಕೂ ಹಿಂದಿನದು, ಗಂಡಸರ ಮೇಲಿನದು. ‘ಕರೋನರಿ ಡ್ರಗ್ ಪ್ರಾಜೆಕ್ಟ್’ ಎಂಬ ಪ್ರಯೋಗದಲ್ಲಿ ಹೃದಯಾಘಾತವಾಗಿ ಬದುಕುಳಿದ ಗಂಡಸರಿಗೆ ಕ್ಲೊಫೈಬ್ರೇಟ್ ಎಂಬ ಕೊಲೆಸ್ಟ್ರಾಲ್ ಮಾತ್ರೆಯನ್ನೋ ಔಷಧವೇ ಇಲ್ಲದ ಹುಸಿ ಮಾತ್ರೆಯನ್ನೋ ಕೊಟ್ಟಿದ್ದರು. ಐದು ವರ್ಷದ ನಂತರ ಲೆಕ್ಕ ಹಾಕಿದಾಗ, ಕ್ಲೊಫೈಬ್ರೇಟನ್ನು ತಪ್ಪದೆ ನುಂಗಿದವರಲ್ಲಿ ಶೇ 15ರಷ್ಟು ಜನ ಸತ್ತಿದ್ದರು, ತಪ್ಪಿಸಿದವರಲ್ಲಿ ಶೇ 24.6. ಆಹಾ, ಮಾತ್ರೆ ಕೆಲಸ ಮಾಡಿದೆ ಎನ್ನುವಷ್ಟರಲ್ಲಿ ಹುಸಿ ಮಾತ್ರೆಯವರ ಲೆಕ್ಕ ಬಂತು. ತಪ್ಪದೆ ನುಂಗಿದವರಲ್ಲಿ ಶೇ 15.1, ತಪ್ಪಿಸಿದವರಲ್ಲಿ ಶೇ 28.3. ಏನೂ ಇಲ್ಲದ ಮಾತ್ರೆಯನ್ನು ನಿಷ್ಠೆಯಿಂದ ನುಂಗಿದವರೂ ಬದುಕಿಕೊಂಡಿದ್ದರು. ಹೇಳಿದ ಹಾಗೆ ಮಾತ್ರೆ ನುಂಗುವ ಶಿಸ್ತಿನವರು ಬೇರೆ ನೂರು ವಿಷಯದಲ್ಲೂ ಶಿಸ್ತಿನವರೇ, ಅವನ್ನೆಲ್ಲ ಅಳೆದು ಲೆಕ್ಕದಿಂದ ಕಳೆಯಲು ಆಗುವುದಿಲ್ಲ. 1980ರಲ್ಲೇ ಅಚ್ಚಾದ ಈ ಅಂಕಿಗಳನ್ನು ಆರೋಗ್ಯದ ಸುದ್ದಿ ಬರೆಯುವ ಪ್ರತಿಯೊಬ್ಬರ ಮೇಜಿನ ಮೇಲೂ ಅಂಟಿಸಿಡಬೇಕು ಎಂದು ನನಗೆ ಯಾವಾಗಲೂ ಅನಿಸಿದೆ.

ಹಾಗಾದರೆ ದಾರಿ ಏನು? ಯಾರು ನುಂಗಬೇಕು ಎಂಬುದನ್ನು ಮಹಿಳೆಯೂ ನಿರ್ಧರಿಸಬಾರದು, ವೈದ್ಯರೂ ನಿರ್ಧರಿಸಬಾರದು. ಚೀಟಿ ಎತ್ತಿದ ಹಾಗೆ ಅದೃಷ್ಟಕ್ಕೆ ಬಿಡಬೇಕು. ಆಗ ಶಿಸ್ತಿನವರೂ ಸೋಮಾರಿಗಳೂ ಎರಡೂ ಕಡೆ ಸಮವಾಗಿ ಹಂಚಿಹೋಗುತ್ತಾರೆ. 1998ರಲ್ಲಿ ಅಂಥ ಮೊದಲ ದೊಡ್ಡ ಉತ್ತರ ಬಂತು. ‘ಹರ್ಸ್’ ಪ್ರಯೋಗದಲ್ಲಿ ಆಗಲೇ ಹೃದಯದ ಕಾಯಿಲೆ ಇದ್ದ 2,763 ಮಹಿಳೆಯರನ್ನು ಸರಾಸರಿ ನಾಲ್ಕು ವರ್ಷ ನೋಡಿದರು. ಒಟ್ಟಾರೆ ಲಾಭ ಇಲ್ಲ, ಮೊದಲ ವರ್ಷವಂತೂ ಹಾರ್ಮೋನ್ ಕಡೆಯವರಿಗೇ ಹೆಚ್ಚು ತೊಂದರೆ. ಅವರು ಮೊದಲೇ ರೋಗಿಗಳು, ಆರೋಗ್ಯವಂತರಲ್ಲಿ ಹೀಗಾಗುವುದಿಲ್ಲ ಎಂದು ಹಲವರು ಸಮಾಧಾನ ಮಾಡಿಕೊಂಡರು.

ಪ್ರಯೋಗದಲ್ಲಿ ಯಾರಿದ್ದರು

ಡಬ್ಲ್ಯುಎಚ್‌ಐ ಶುರುವಾದದ್ದು 1991ರಲ್ಲಿ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗೆ ಮೊದಲ ಮಹಿಳಾ ನಿರ್ದೇಶಕಿಯಾಗಿ ಬಂದ ಬರ್ನಡೀನ್ ಹೀಲಿ ಅದನ್ನು ಹಟ ಹಿಡಿದು ಆರಂಭಿಸಿದರು. ಅಲ್ಲಿಯವರೆಗೆ ಹೃದಯದ ದೊಡ್ಡ ಪ್ರಯೋಗಗಳೆಲ್ಲ ಬಹುಪಾಲು ಗಂಡಸರ ಮೇಲೇ ನಡೆದಿದ್ದವು. 40 ಕೇಂದ್ರಗಳಲ್ಲಿ, 50ರಿಂದ 79 ವಯಸ್ಸಿನ 1,61,808 ಮಹಿಳೆಯರು ಸೇರಿದರು. ಹಾರ್ಮೋನ್ ಅದರ ಒಂದು ಭಾಗ ಮಾತ್ರ. ಕೊಬ್ಬು ಕಡಿಮೆ ಮಾಡಿದ ಊಟದ ಪ್ರಯೋಗವೂ ಇತ್ತು, ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಪ್ರಯೋಗವೂ ಇತ್ತು. 48,835 ಮಹಿಳೆಯರಿದ್ದ ಊಟದ ಪ್ರಯೋಗ 2006ರಲ್ಲಿ ಸ್ತನ ಕ್ಯಾನ್ಸರ್ ವಿಷಯದಲ್ಲಿ ಸ್ಪಷ್ಟ ಲಾಭ ತೋರಿಸದೆ ಮುಗಿಯಿತು. ಅದಕ್ಕೆ ಇಲ್ಲಿ ಜಾಗ ಇಲ್ಲ.

ಹಾರ್ಮೋನ್ ಪ್ರಯೋಗದಲ್ಲಿ ಎರಡು ಕವಲು. ಗರ್ಭಕೋಶ ಇದ್ದ 16,608 ಮಹಿಳೆಯರಲ್ಲಿ 8,506 ಮಂದಿಗೆ ದಿನಕ್ಕೆ 0.625 ಮಿಲಿಗ್ರಾಂ ಕುದುರೆ ಈಸ್ಟ್ರೋಜೆನ್ ಮತ್ತು 2.5 ಮಿಲಿಗ್ರಾಂ ಮೆಡ್ರಾಕ್ಸಿಪ್ರೊಜೆಸ್ಟರೋನ್ ಎಂಬ ಪ್ರೊಜೆಸ್ಟಿನ್ ಸೇರಿದ ಒಂದೇ ಮಾತ್ರೆ, ಉಳಿದವರಿಗೆ ಹುಸಿ ಮಾತ್ರೆ. ಗರ್ಭಕೋಶ ತೆಗೆಸಿದ್ದ 10,739 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಈಸ್ಟ್ರೋಜೆನ್ ಒಂದೇ, ಉಳಿದವರಿಗೆ ಹುಸಿ. ಶುರುವಿನಲ್ಲಿ ಗರ್ಭಕೋಶ ಇದ್ದ ಕೆಲವರಿಗೂ ಬರೀ ಈಸ್ಟ್ರೋಜೆನ್ ಕೊಟ್ಟಿದ್ದರು. 1995ರಲ್ಲಿ ಇನ್ನೊಂದು ಪ್ರಯೋಗ ಅದರಿಂದ ಒಳಪದರ ಹೇಗೆ ಬೆಳೆಯುತ್ತದೆ ಎಂದು ತೋರಿಸಿದ ಮೇಲೆ ಅಂಥ 331 ಮಂದಿಯನ್ನು ಜೋಡಿ ಮಾತ್ರೆಗೆ ಬದಲಾಯಿಸಿದರು.

ಈಗ ವಯಸ್ಸು ನೋಡಿ. ಸರಾಸರಿ 63. ಜೋಡಿ ಮಾತ್ರೆಯ ಕವಲಿನಲ್ಲಿ 50ರ ದಶಕದವರು ಮೂರರಲ್ಲಿ ಒಬ್ಬರು ಮಾತ್ರ. ಐವರಲ್ಲಿ ಒಬ್ಬರು 70 ದಾಟಿದವರು. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜನರಿಗೆ ರಕ್ತದೊತ್ತಡ, ಅರ್ಧದಷ್ಟು ಮಂದಿ ಆಗ ಅಥವಾ ಹಿಂದೆ ಸಿಗರೇಟು ಸೇದಿದವರು. ಮುಟ್ಟು ನಿಂತು ಹತ್ತು ಹದಿನೈದು ವರ್ಷ ಕಳೆದವರೇ ಹೆಚ್ಚು.

ಇದು ಅಜಾಗರೂಕತೆಯಿಂದ ಆದದ್ದಲ್ಲ. ಹೃದಯಾಘಾತ ತಡೆಯುತ್ತದೆಯೇ ಎಂದು ತಿಳಿಯಬೇಕಾದರೆ ಪ್ರಯೋಗದ ಅವಧಿಯಲ್ಲಿ ಸಾಕಷ್ಟು ಹೃದಯಾಘಾತ ಆಗಲೇಬೇಕು. 51ರ ಮಹಿಳೆಯರಲ್ಲಿ ಅದು ಅಪರೂಪ, ಇಪ್ಪತ್ತು ವರ್ಷ ಕಾಯಬೇಕಾಗುತ್ತದೆ. ಇನ್ನೊಂದು ಕಾರಣವೂ ಇದೆ. ರಾತ್ರಿಯೆಲ್ಲ ಬೆವೆತು ಏಳುವ ಮಹಿಳೆಗೆ ಹುಸಿ ಮಾತ್ರೆ ಕೊಟ್ಟರೆ ಅವಳು ತಿಂಗಳೊಪ್ಪತ್ತಿನಲ್ಲಿ ಪ್ರಯೋಗ ಬಿಟ್ಟು ಹೋಗುತ್ತಾಳೆ. ಹಾಗಾಗಿ ತೀವ್ರ ತೊಂದರೆ ಇದ್ದವರು ಸೇರದ ಹಾಗೆಯೇ ಪ್ರಯೋಗ ರೂಪುಗೊಂಡಿತು. ‘ವಯಸ್ಸಾದ, ಮೈಬಿಸಿಯ ಕಾಟ ಇಲ್ಲದ ಮಹಿಳೆಗೆ ಹೃದಯ ಕಾಪಾಡಲು ಈ ಮಾತ್ರೆ ಕೊಡಬೇಕೇ’ ಎಂಬುದೇ ಅದರ ಪ್ರಶ್ನೆ. 1992ರ ಮಾರ್ಗಸೂಚಿ ಅಂಥವರಿಗೇ ಕೊಡಿ ಎಂದಿದ್ದರಿಂದ ಅದು ಕೇಳಲೇಬೇಕಿದ್ದ ಪ್ರಶ್ನೆ.

ಸಂಕೇತ ಒಡೆದ 3,444 ಮಂದಿ

ಯಾರು ಯಾವ ಮಾತ್ರೆ ನುಂಗುತ್ತಿದ್ದಾರೆ ಎಂದು ಮಹಿಳೆಗೂ ಗೊತ್ತಿರಬಾರದು, ಅವಳನ್ನು ನೋಡುವ ಸಿಬ್ಬಂದಿಗೂ ಗೊತ್ತಿರಬಾರದು. ಇದು ನಿಯಮ. ಆದರೆ ದೇಹ ಗುಟ್ಟು ಬಿಟ್ಟುಕೊಡುತ್ತದೆ. ಹತ್ತು ವರ್ಷದ ಹಿಂದೆ ಮುಟ್ಟು ನಿಂತ ಮಹಿಳೆಗೆ ಇದ್ದಕ್ಕಿದ್ದಂತೆ ರಕ್ತಸ್ರಾವ ಶುರುವಾದರೆ ಅವಳು ಹೆದರುತ್ತಾಳೆ. ವೈದ್ಯರು ಅದು ಹಾರ್ಮೋನಿನಿಂದ ಆದದ್ದೋ ಕ್ಯಾನ್ಸರ್ ಸೂಚನೆಯೋ ಎಂದು ತಿಳಿಯಲೇಬೇಕು. ಅಂಥ ಸಂದರ್ಭಕ್ಕೆಂದು ಪ್ರತಿ ಕೇಂದ್ರದಲ್ಲೂ ಸ್ತ್ರೀರೋಗ ತಜ್ಞರೊಬ್ಬರಿಗೆ ಸಂಕೇತ ಒಡೆದು ನೋಡುವ ಅಧಿಕಾರ ಇತ್ತು. ಫಲಿತಾಂಶ ಅಳೆಯುವ ಕೆಲಸದಿಂದ ಅವರನ್ನು ದೂರ ಇಟ್ಟಿದ್ದರು. ಪ್ರಯೋಗ ಮುಗಿಯುವ ಹೊತ್ತಿಗೆ ಹಾರ್ಮೋನ್ ಕಡೆಯ 3,444 ಮಂದಿಯ, ಅಂದರೆ ಶೇ 40.5ರಷ್ಟು ಜನರ ಗುಟ್ಟು ರಟ್ಟಾಗಿತ್ತು. ಹುಸಿ ಮಾತ್ರೆಯ ಕಡೆ 548 ಮಂದಿ, ಶೇ 6.8.

ಟೀಕಾಕಾರರು ಹಿಡಿದದ್ದು ಇದನ್ನೇ. ತಾನು ಹಾರ್ಮೋನ್ ನುಂಗುತ್ತಿದ್ದೇನೆ ಎಂದು ತಿಳಿದವಳು ಎದೆ ಸ್ವಲ್ಪ ಚುಚ್ಚಿದರೂ ಆಸ್ಪತ್ರೆಗೆ ಓಡಿರಬಹುದು. ವಾದದಲ್ಲಿ ಹುರುಳಿದೆ, ಆದರೆ ಅದು ಎಲ್ಲವನ್ನೂ ಅಳಿಸುವುದಿಲ್ಲ. ಪ್ರತಿ ವರ್ಷ ಮ್ಯಾಮೊಗ್ರಾಂ, ಅಂದರೆ ಸ್ತನದ ಎಕ್ಸ್-ರೇ, ಮಾಡಿಸದಿದ್ದರೆ ಮುಂದಿನ ಮಾತ್ರೆಯ ಡಬ್ಬಿಯನ್ನೇ ಕೊಡುತ್ತಿರಲಿಲ್ಲ, ಎರಡೂ ಕಡೆಯವರಿಗೂ. ಪಾರ್ಶ್ವವಾಯುವನ್ನಂತೂ ಊಹಿಸಿಕೊಂಡು ಬರಿಸಿಕೊಳ್ಳಲು ಆಗುವುದಿಲ್ಲ. ಇನ್ನೊಂದು ಅಂಶ: ಹಾರ್ಮೋನ್ ಕಡೆಯ ಶೇ 42ರಷ್ಟು, ಹುಸಿ ಕಡೆಯ ಶೇ 38ರಷ್ಟು ಮಂದಿ ಒಂದಲ್ಲ ಒಂದು ಹಂತದಲ್ಲಿ ಮಾತ್ರೆ ಬಿಟ್ಟಿದ್ದರು. ಮಾತ್ರೆ ಬಿಟ್ಟವರೂ ತಮ್ಮ ಗುಂಪಿನ ಲೆಕ್ಕದಲ್ಲೇ ಉಳಿಯುತ್ತಾರೆ, ಹಾಗಾಗಿ ಒಳ್ಳೆಯದಿರಲಿ ಕೆಟ್ಟದ್ದಿರಲಿ, ಮಾತ್ರೆಯ ಪರಿಣಾಮ ನಿಜಕ್ಕಿಂತ ಮಂಕಾಗಿಯೇ ಕಾಣುತ್ತದೆ.

ಶೇ 26 ಅಂದರೆ ಎಷ್ಟು ಜನ

2002ರ ಮೇ 31ರಂದು ಸ್ವತಂತ್ರ ಮೇಲ್ವಿಚಾರಣಾ ಸಮಿತಿ ಸೇರಿತು. ಸ್ತನ ಕ್ಯಾನ್ಸರ್ ಅಂಕಿ ಮೊದಲೇ ಹಾಕಿಕೊಂಡಿದ್ದ ಗೆರೆ ದಾಟಿತ್ತು, ಒಟ್ಟು ಲೆಕ್ಕದಲ್ಲಿ ಹಾನಿ ಲಾಭಕ್ಕಿಂತ ಹೆಚ್ಚಿತ್ತು. ನಿಲ್ಲಿಸಿ ಎಂದರು. ಆ ಹಂತದಲ್ಲಿ ಬೇರೆ ದಾರಿ ಇರಲಿಲ್ಲ ಎಂದೇ ನನ್ನ ಅಭಿಪ್ರಾಯ. ರೋಗ ಇಲ್ಲದವರಿಗೆ ರೋಗ ತಡೆಯಲೆಂದು ಕೊಡುವ ಮಾತ್ರೆಗೆ ಹಾನಿಯ ವಿಷಯದಲ್ಲಿ ವಿನಾಯಿತಿ ಕೊಡಲಾಗದು.

ಅಂಕಿಗಳನ್ನು ಬಿಡಿಸಿ ನೋಡೋಣ. 10,000 ಮಹಿಳೆಯರು ಒಂದು ವರ್ಷ ಹುಸಿ ಮಾತ್ರೆ ನುಂಗಿದರೆ 30 ಮಂದಿಗೆ ಸ್ತನ ಕ್ಯಾನ್ಸರ್, ಜೋಡಿ ಹಾರ್ಮೋನ್ ನುಂಗಿದರೆ 38 ಮಂದಿಗೆ. ಹೃದಯದ ತೊಂದರೆ 30ರಿಂದ 37ಕ್ಕೆ, ಪಾರ್ಶ್ವವಾಯು 21ರಿಂದ 29ಕ್ಕೆ, ಶ್ವಾಸಕೋಶಕ್ಕೆ ಹೋಗಿ ಕೂರುವ ರಕ್ತದ ಗಡ್ಡೆ 8ರಿಂದ 16ಕ್ಕೆ ಏರಿತು. ಇನ್ನೊಂದು ಕಡೆ ಸೊಂಟದ ಮೂಳೆ ಮುರಿತ 15ರಿಂದ 10ಕ್ಕೆ, ದೊಡ್ಡ ಕರುಳಿನ ಕ್ಯಾನ್ಸರ್ 16ರಿಂದ 10ಕ್ಕೆ ಇಳಿಯಿತು. ಒಟ್ಟು ಸಾವಿನಲ್ಲಿ ವ್ಯತ್ಯಾಸ ಇರಲಿಲ್ಲ.

ಶೇ 26 ಅಂದದ್ದು ಈ 30 ಮತ್ತು 38ರ ನಡುವಿನ ಅಂತರ. ನೂರರಲ್ಲಿ 26 ಮಂದಿಗೆ ಕ್ಯಾನ್ಸರ್ ಬರುತ್ತದೆ ಎಂದು ತಿಳಿದುಕೊಂಡ ಓದುಗರು ಎಷ್ಟೋ. ಒಬ್ಬ ಮಹಿಳೆಯ ಮಟ್ಟಿಗೆ ವರ್ಷಕ್ಕೆ ಸಾವಿರದಲ್ಲಿ ಒಂದಕ್ಕಿಂತ ಕಡಿಮೆ ಹೆಚ್ಚುವರಿ ಅಪಾಯ. ಹಾಗೆಂದು ಪತ್ರಿಕೆಗಳು ಇಲ್ಲದ ಗುಲ್ಲೆಬ್ಬಿಸಿದವು ಎಂದು ಬಿಟ್ಟುಬಿಡುವಂತೆಯೂ ಇಲ್ಲ. ಆಗ ಅಮೆರಿಕದಲ್ಲಿ ಸುಮಾರು 60 ಲಕ್ಷ ಮಹಿಳೆಯರು ಜೋಡಿ ಹಾರ್ಮೋನ್ ತೆಗೆದುಕೊಳ್ಳುತ್ತಿದ್ದರು. 10,000ಕ್ಕೆ 8 ಎಂಬ ಲೆಕ್ಕವನ್ನು ಅವರಿಗೆಲ್ಲ ಅನ್ವಯಿಸಿದರೆ ವರ್ಷಕ್ಕೆ 4,800 ಹೆಚ್ಚುವರಿ ಸ್ತನ ಕ್ಯಾನ್ಸರ್. ಸರ್ಕಾರದ ಆರೋಗ್ಯ ಇಲಾಖೆಗೆ ದೊಡ್ಡದಾಗಿ ಕಾಣುವ ಅಪಾಯ ಒಬ್ಬ ಮಹಿಳೆಯ ನಿರ್ಧಾರದಲ್ಲಿ ಚಿಕ್ಕದಾಗಿರಬಹುದು. ಆ ಜುಲೈಯಲ್ಲಿ ಇಲಾಖೆಯ ಲೆಕ್ಕವನ್ನು ಮಹಿಳೆಯರ ಭಾಷೆಯಲ್ಲಿ ಹೇಳಿದರು, ಅದೇ ತೊಡಕಾಯಿತು.

ಆಮೇಲೆ

2001ರಲ್ಲಿ ಅಮೆರಿಕದಲ್ಲಿ ಸುಮಾರು 9.1 ಕೋಟಿ ಹಾರ್ಮೋನ್ ಚೀಟಿಗಳನ್ನು ಬರೆಯಲಾಗಿತ್ತು, 2003ರ ಹೊತ್ತಿಗೆ ಅದು 5.7 ಕೋಟಿಗೆ ಬಿತ್ತು. ಅದೇ 2003ರಲ್ಲಿ ಸ್ತನ ಕ್ಯಾನ್ಸರ್ ಪ್ರಮಾಣ ಹಿಂದಿನ ವರ್ಷಕ್ಕಿಂತ ಶೇ 6.7ರಷ್ಟು ಇಳಿಯಿತು. ಮಾತ್ರೆ ಬಿಟ್ಟದ್ದೇ ಕಾರಣ ಎಂದು ಹಲವರು ನಂಬುತ್ತಾರೆ, ನನಗೂ ಅದು ಬಹುಪಾಲು ಸರಿ ಅನಿಸುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 80,955 ಮಹಿಳೆಯರ ದಾಖಲೆ ನೋಡಿದ ಒಂದು ಅಧ್ಯಯನದಲ್ಲಿ, ಹಾರ್ಮೋನ್ ನಿಲ್ಲಿಸಿದವರಿಗೆ ಸೊಂಟದ ಮೂಳೆ ಮುರಿತ ಮುಂದುವರಿಸಿದವರಿಗಿಂತ ಶೇ 55ರಷ್ಟು ಹೆಚ್ಚು ಕಂಡಿತು. ಮುಂದುವರಿಸಿದವರು ಯಾರು, ಬಿಟ್ಟವರು ಯಾರು ಎಂಬ ಹಳೆಯ ಅನುಮಾನ ಇಲ್ಲಿಗೂ ಅನ್ವಯ.

ಎರಡನೇ ಕವಲಿನ ಕಥೆ ಯಾರ ಕಿವಿಗೂ ಸರಿಯಾಗಿ ಬೀಳಲಿಲ್ಲ. ಗರ್ಭಕೋಶ ಇಲ್ಲದವರ ಪ್ರಯೋಗ 2004ರವರೆಗೆ ನಡೆಯಿತು. ಅಲ್ಲೂ ಪಾರ್ಶ್ವವಾಯು 10,000ಕ್ಕೆ 12ರಷ್ಟು ಹೆಚ್ಚಿತು, ಆ ಕಾರಣಕ್ಕೇ ನಿಲ್ಲಿಸಿದರು. ಆದರೆ ಹೃದಯಕ್ಕೆ ಹಾನಿ ಕಾಣಲಿಲ್ಲ, ಸೊಂಟದ ಮೂಳೆ ಮುರಿತ 6ರಷ್ಟು ಇಳಿಯಿತು. ಸ್ತನ ಕ್ಯಾನ್ಸರ್ ಏರಲಿಲ್ಲ, 7ರಷ್ಟು ಇಳಿದ ಹಾಗೆ ಕಂಡಿತು. 2020ರಲ್ಲಿ ಬಂದ ದೀರ್ಘಕಾಲದ ವರದಿ ಅದನ್ನು ಗಟ್ಟಿ ಮಾಡಿತು. ಈಸ್ಟ್ರೋಜೆನ್ ಒಂದನ್ನೇ ತೆಗೆದುಕೊಂಡವರಲ್ಲಿ ಸ್ತನ ಕ್ಯಾನ್ಸರ್ ಶೇ 22ರಷ್ಟು ಕಡಿಮೆ, ಅದರಿಂದ ಸಾವು ಶೇ 40ರಷ್ಟು ಕಡಿಮೆ. ಜೋಡಿ ಮಾತ್ರೆಯವರಲ್ಲಿ ಕ್ಯಾನ್ಸರ್ ಶೇ 28ರಷ್ಟು ಹೆಚ್ಚು. ಒಂದೇ ಪ್ರಯೋಗ, ಒಂದೇ ಈಸ್ಟ್ರೋಜೆನ್, ಎರಡು ತಿರುವುಮುರುವು ಫಲ. ಆದರೆ 2002ರ ಸುದ್ದಿಯಲ್ಲಿ ‘ಹಾರ್ಮೋನ್’ ಎಂಬ ಒಂದೇ ಪದ ಇತ್ತು, ಗರ್ಭಕೋಶ ತೆಗೆಸಿದವರೂ ಅದನ್ನು ಕೇಳಿ ಮಾತ್ರೆ ಎಸೆದರು.

ವಯಸ್ಸಿನ ಪ್ರಕಾರ ಅಂಕಿಗಳನ್ನು ಮತ್ತೆ ಹರಡಿ ನೋಡಿದ್ದು 2007ರಲ್ಲಿ. ಪ್ರಯೋಗದ ಮುಖ್ಯಸ್ಥರಲ್ಲೊಬ್ಬರಾದ ಜಾಕ್ ರೊಸೊ ಅವರ ತಂಡ ಎರಡೂ ಕವಲುಗಳನ್ನು ಸೇರಿಸಿ ಲೆಕ್ಕ ಹಾಕಿತು. ಮುಟ್ಟು ನಿಂತು ಹತ್ತು ವರ್ಷದೊಳಗೆ ಶುರುಮಾಡಿದವರಲ್ಲಿ ಹೃದಯದ ತೊಂದರೆ ಶೇ 24ರಷ್ಟು ಕಡಿಮೆ, ಇಪ್ಪತ್ತು ವರ್ಷ ದಾಟಿ ಶುರುಮಾಡಿದವರಲ್ಲಿ ಶೇ 28ರಷ್ಟು ಹೆಚ್ಚು. ಮೊದಲ ಅಂಕಿ ಆಕಸ್ಮಿಕವಾಗಿಯೂ ಬಂದಿರಬಹುದಾದಷ್ಟು ಸಡಿಲವಾಗಿತ್ತು, ಅದನ್ನು ಮರೆತು ‘ಬೇಗ ಶುರುಮಾಡಿದರೆ ಹೃದಯಕ್ಕೆ ಒಳ್ಳೆಯದು’ ಎಂದು ಸಾರುವವರು 1992ಕ್ಕೇ ಮರಳುತ್ತಿದ್ದಾರೆ. ಆದರೆ ದಿಕ್ಕು ಸ್ಪಷ್ಟವಿತ್ತು. 2016ರ ‘ಎಲೈಟ್’ ಪ್ರಯೋಗ 643 ಮಹಿಳೆಯರ ಕತ್ತಿನ ರಕ್ತನಾಳದ ಗೋಡೆ ಅಳೆದು, ಮುಟ್ಟು ನಿಂತು ಆರು ವರ್ಷದೊಳಗಿನವರಲ್ಲಿ ಈಸ್ಟ್ರೋಜೆನ್ ಗೋಡೆ ದಪ್ಪವಾಗುವುದನ್ನು ನಿಧಾನಿಸುತ್ತದೆ, ಹತ್ತು ವರ್ಷ ದಾಟಿದವರಲ್ಲಿ ಏನೂ ಮಾಡುವುದಿಲ್ಲ ಎಂದು ತೋರಿಸಿತು. 2017ರಲ್ಲಿ 18 ವರ್ಷದ ಲೆಕ್ಕ ಬಂದಾಗ ಹಾರ್ಮೋನ್ ಪಡೆದವರಲ್ಲಿ ಶೇ 27.1, ಹುಸಿ ಮಾತ್ರೆಯವರಲ್ಲಿ ಶೇ 27.6 ಮಂದಿ ತೀರಿಕೊಂಡಿದ್ದರು. ಎರಡೂ ಒಂದೇ.

ರೋಗ ತಡೆಗೆಂದು ಹಾರ್ಮೋನ್ ಬೇಡ ಎಂದು ಅಮೆರಿಕದ ತಡೆ ಸೇವೆಗಳ ಕಾರ್ಯಪಡೆ 2022ರಲ್ಲೂ ಹೇಳಿತು. ಅದು ಮೈಬಿಸಿಗೆ ಚಿಕಿತ್ಸೆ ಪಡೆಯುವವರ ಬಗ್ಗೆ ಹೇಳಿದ ಮಾತಲ್ಲ. 2025ರ ನವೆಂಬರಿನಲ್ಲಿ ಅಲ್ಲಿನ ಔಷಧ ನಿಯಂತ್ರಕರು, 2003ರಿಂದ ಈ ಔಷಧಗಳ ಮೇಲಿದ್ದ ಕಪ್ಪು ಚೌಕಟ್ಟಿನ ಎಚ್ಚರಿಕೆಯಿಂದ ಹೃದಯ, ಸ್ತನ ಕ್ಯಾನ್ಸರ್ ಮತ್ತು ಮರೆವಿನ ಕಾಯಿಲೆಯ ಮಾತು ತೆಗೆಸುವುದಾಗಿ ಪ್ರಕಟಿಸಿದರು. ಯೋನಿಗೆ ಹಚ್ಚುವ ಅಲ್ಪ ಪ್ರಮಾಣದ ಕ್ರೀಮಿನ ಮೇಲೂ ಅದೇ ಎಚ್ಚರಿಕೆ ಅಂಟಿಸಿದ್ದು ಮೊದಲಿನಿಂದಲೂ ಅತಿಯಾಗಿತ್ತು, ಅದು ಹೋದದ್ದು ಒಳ್ಳೆಯದೇ. ಜೋಡಿ ಮಾತ್ರೆಯ ವಿಷಯದಲ್ಲಿ ಲೋಲಕ ಈಗ ಇನ್ನೊಂದು ಕಡೆಗೆ ಜೋರಾಗಿ ಹೊರಟಿದೆ ಎಂಬ ಅಳುಕು ನನಗಿದೆ.

ಅಂಡಾಶಯವನ್ನೂ ತೆಗೆದಾಗ

ಈಸ್ಟ್ರೋಜೆನ್ ಕವಲಿನ ಮಹಿಳೆಯರಲ್ಲಿ ಸುಮಾರು ಶೇ 40ರಷ್ಟು ಮಂದಿ ಗರ್ಭಕೋಶದ ಜೊತೆ ಎರಡೂ ಅಂಡಾಶಯಗಳನ್ನು ಕಳೆದುಕೊಂಡಿದ್ದರು. ಸಹಜವಾಗಿ ಮುಟ್ಟು ನಿಲ್ಲುವಾಗ ಹಾರ್ಮೋನ್ ವರ್ಷಗಟ್ಟಲೆ ಮೆಲ್ಲಗೆ ಇಳಿಯುತ್ತದೆ. ಆಪರೇಷನ್ನಿನಲ್ಲಿ ಅಂಡಾಶಯ ಹೋದರೆ ಒಂದೆರಡು ದಿನದಲ್ಲೇ ಇಳಿಯುತ್ತದೆ. ಮೇಯೊ ಕ್ಲಿನಿಕ್‌ನ ವಾಲ್ಟರ್ ರೋಕಾ ತಂಡ 2006ರಲ್ಲಿ, 45ರೊಳಗೆ ಎರಡೂ ಅಂಡಾಶಯ ತೆಗೆಸಿಕೊಂಡವರಲ್ಲಿ ಸಾವಿನ ಪ್ರಮಾಣ ಮೂರನೇ ಎರಡರಷ್ಟು ಹೆಚ್ಚು ಎಂದು ವರದಿ ಮಾಡಿತು, ಅದೂ ಬದಲಿ ಈಸ್ಟ್ರೋಜೆನ್ ಪಡೆಯದವರಲ್ಲಿ ಮುಖ್ಯವಾಗಿ. 2019ರಲ್ಲಿ ಜೊಆನ್ ಮ್ಯಾನ್ಸನ್ ತಂಡ ಡಬ್ಲ್ಯುಎಚ್‌ಐನ 9,939 ಮಹಿಳೆಯರನ್ನು ಅಂಡಾಶಯ ಇದ್ದವರು, ಇಲ್ಲದವರು ಎಂದು ಬೇರ್ಪಡಿಸಿ ನೋಡಿತು. 50ರ ದಶಕದಲ್ಲಿದ್ದು ಎರಡೂ ಅಂಡಾಶಯ ಇಲ್ಲದವರಿಗೆ ಈಸ್ಟ್ರೋಜೆನ್ ಕೊಟ್ಟಾಗ 18 ವರ್ಷದಲ್ಲಿ ಸಾವು ಶೇ 32ರಷ್ಟು ಕಡಿಮೆಯಾಗಿತ್ತು. ಉಪಗುಂಪಿನ ಲೆಕ್ಕ, ಹಾಗಾಗಿ ಹಗುರವಾಗಿ ಹಿಡಿಯಬೇಕು. ಆದರೂ ಇದು ಚೀಟಿ ಎತ್ತಿ ಹಂಚಿದ ಪ್ರಯೋಗದ ಒಳಗಿನದು.

ಈ ಜಾಗದಲ್ಲಿ ಪ್ರಕರಣ ಅಮೆರಿಕ ಬಿಟ್ಟು ನಮ್ಮ ಕಡೆ ಬರುತ್ತದೆ. ಭಾರತದಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 46-47. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 3.3ರಷ್ಟು ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದಾರೆ, ಆಂಧ್ರ ಮತ್ತು ತೆಲಂಗಾಣದಲ್ಲಿ ಅದರ ದುಪ್ಪಟ್ಟಿಗೂ ಹೆಚ್ಚು. ಬಹುಪಾಲು ಆಪರೇಷನ್ ಖಾಸಗಿ ಆಸ್ಪತ್ರೆಗಳಲ್ಲೇ ಆಗಿದೆ. ಕಲಬುರಗಿ ಜಿಲ್ಲೆಯ ತಾಂಡಾಗಳ ಲಂಬಾಣಿ ಮತ್ತು ದಲಿತ ಮಹಿಳೆಯರಿಗೆ ಬಿಳಿಸೆರಗು, ಹೊಟ್ಟೆನೋವು ಎಂದು ಬಂದಾಗ ಬೇಕಿಲ್ಲದ ಆಪರೇಷನ್ ಮಾಡಿದ ಸಂಗತಿ 2015ರಲ್ಲಿ ಬಯಲಾಗಿ ಸರ್ಕಾರ ತನಿಖೆ ನಡೆಸಿತು. ಅವರಲ್ಲಿ ಅನೇಕರು ಇನ್ನೂ 40 ದಾಟದವರು. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಬೇಕಿಲ್ಲದ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳಲ್ಲಿ ಜಾರಿಗೆ ತರುವಂತೆ ರಾಜ್ಯಗಳಿಗೆ ಸೂಚಿಸಿತು.

35ರಲ್ಲಿ ಅಂಡಾಶಯ ಕಳೆದುಕೊಂಡ ಮಹಿಳೆಗೂ ಡಬ್ಲ್ಯುಎಚ್‌ಐಗೂ ಸಂಬಂಧವೇ ಇಲ್ಲ, ಅಲ್ಲಿ 50ಕ್ಕಿಂತ ಕಡಿಮೆ ವಯಸ್ಸಿನ ಒಬ್ಬರೂ ಇರಲಿಲ್ಲ. ಸ್ತನ ಕ್ಯಾನ್ಸರ್‌ನಂಥ ಅಡ್ಡಿ ಇಲ್ಲದಿದ್ದರೆ ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗಾದರೂ ಈಸ್ಟ್ರೋಜೆನ್ ಕೊಡಿ ಎಂದೇ ಋತುಬಂಧ ತಜ್ಞರ ಸಂಘಗಳು ಹೇಳುತ್ತವೆ. ಆದರೂ ‘ಹಾರ್ಮೋನ್ ಬೇಡಮ್ಮ, ಕ್ಯಾನ್ಸರ್ ಬರುತ್ತೆ’ ಎಂಬ ಮಾತು 2002ರಿಂದ ಇಳಿದು ಬಂದು ಅವಳ ಕಿವಿಗೂ ಬಿದ್ದಿರುತ್ತದೆ. ಎಷ್ಟೋ ಸಲ ಆ ಪ್ರಶ್ನೆಯವರೆಗೂ ಮಾತು ಹೋಗುವುದಿಲ್ಲ, ಏಕೆಂದರೆ ತೆಗೆದದ್ದು ಗರ್ಭಕೋಶ ಒಂದನ್ನೋ ಅಂಡಾಶಯಗಳನ್ನೂ ಸೇರಿಸಿಯೋ ಎಂದು ಅವಳಿಗೆ ಯಾರೂ ಹೇಳಿರುವುದಿಲ್ಲ. ಡಿಸ್ಚಾರ್ಜ್ ಕಾರ್ಡಿನಲ್ಲಿ ಅಥವಾ ತೆಗೆದ ಅಂಗವನ್ನು ಲ್ಯಾಬಿಗೆ ಕಳಿಸಿದ ಬಯಾಪ್ಸಿ ವರದಿಯಲ್ಲಿ ಅದು ಬರೆದಿರುತ್ತದೆ. ಕಾಗದ ಕಳೆದುಹೋಗಿದ್ದರೆ ಸ್ಕ್ಯಾನಿಂಗ್ ಮಾಡಿಸಿ, ಅಂಡಾಶಯ ಕೆಲಸ ನಿಲ್ಲಿಸಿದಾಗ ರಕ್ತದಲ್ಲಿ ಏರುವ ಎಫ್‌ಎಸ್‌ಎಚ್ ಎಂಬ ಹಾರ್ಮೋನಿನ ಮಟ್ಟ ನೋಡಿ ಸಾಮಾನ್ಯವಾಗಿ ತಿಳಿದುಕೊಳ್ಳಬಹುದು.